ಆರನೇ ಪುಸ್ತಕ ಎಲ್ಲಿಗೆ ಬಂತು? ಓದುಗರ ಪ್ರಶ್ನೆ, ನಮ್ಮ ಉತ್ತರ

ಜಾರ್ಜ್ ಆರ್. ಆರ್. ಮಾರ್ಟಿನ್ ಬರೆಯುತ್ತಿರುವ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಎಂಬ ಫ್ಯಾಂಟಸಿ ಕಾದಂಬರಿ ಸರಣಿಯ ಐದನೇ ಪುಸ್ತಕ ‘ಎ ಡಾನ್ಸ್ ವಿತ್ ಡ್ರಾಗನ್ಸ್’ ಹೊರಬಂದದ್ದು 2011ರ ಜುಲೈ 12ರಂದು. ಆರನೆಯದಾದ ‘ದ ವಿಂಡ್ಸ್ ಆಫ್ ವಿಂಟರ್’ ಇದನ್ನು ಬರೆಯುವ ಹೊತ್ತಿಗೂ ಅಚ್ಚಾಗಿಲ್ಲ. ಆ ಪುಸ್ತಕ ಮತ್ತು ಅದರ ಆಡಿಯೋಬುಕ್ ಬಗ್ಗೆ ಪತ್ರಗಳಲ್ಲಿ ಪದೇ ಪದೇ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಆನ್‌ಲೈನ್ ಅಂಗಡಿಯೊಂದರಲ್ಲಿ ‘ವಿಂಡ್ಸ್’ ಪುಸ್ತಕದ ಬಿಡುಗಡೆ ತಾರೀಕು, ಬೆಲೆ, ಪುಟಸಂಖ್ಯೆ ಎಲ್ಲವೂ ಕಾಣುತ್ತಿದೆ. ಮುಂಗಡ ದುಡ್ಡು ಕಟ್ಟಬಹುದೇ? (ಓದುಗರು, ದಾವಣಗೆರೆ)

ಉತ್ತರ: ಕಟ್ಟಬೇಡಿ. ಮಾರಾಟದ ಪಟ್ಟಿಯಲ್ಲಿ ಪುಸ್ತಕವೊಂದನ್ನು ಸೇರಿಸುವಾಗ ತಾರೀಕಿನ ಜಾಗ ಖಾಲಿ ಬಿಡುವ ಹಾಗಿರುವುದಿಲ್ಲ. ಯಾರೋ ದೂರದ ಒಂದು ದಿನವನ್ನು ತುಂಬಿರುತ್ತಾರೆ, ಹೆಚ್ಚಾಗಿ ತಿಂಗಳ ಅಥವಾ ವರ್ಷದ ಕೊನೆಯ ದಿನ. ಆ ದಿನ ಹತ್ತಿರ ಬಂದಾಗ ಇನ್ನೊಂದು ವರ್ಷ ಮುಂದಕ್ಕೆ ತಳ್ಳುತ್ತಾರೆ. ಪುಟಸಂಖ್ಯೆಯೂ ಅಂದಾಜಿನದೇ. ಪುಸ್ತಕದ ಗುರುತಿಗೆ ಕೊಡುವ ಐಎಸ್‌ಬಿಎನ್ ಸಂಖ್ಯೆ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದನ್ನು ಪ್ರಕಾಶಕರು ಪುಸ್ತಕ ಬರೆದು ಮುಗಿಯುವುದಕ್ಕೆ ಎಷ್ಟೋ ಮೊದಲೇ ತೆಗೆದಿಟ್ಟುಕೊಳ್ಳಬಹುದು.

ನಂಬಬೇಕಾದ ಜಾಗ ಮೂರೇ: ಅಮೆರಿಕದ ಪ್ರಕಾಶಕರಾದ ಬ್ಯಾಂಟಮ್, ಬ್ರಿಟನ್ನಿನ ಹಾರ್ಪರ್ ವಾಯೇಜರ್, ಮತ್ತು ಮಾರ್ಟಿನ್ ಅವರದೇ ಜಾಲತಾಣದ ‘ನಾಟ್ ಎ ಬ್ಲಾಗ್’. ಹೋದ ಸಲ ಹೇಗಾಯಿತು ನೋಡಿ. 2011ರ ಮಾರ್ಚ್ 3ರಂದು ತಾರೀಕು ಪ್ರಕಟವಾಯಿತು. ಆಗಲೂ ಬರವಣಿಗೆ ಚೂರುಪಾರು ಬಾಕಿ ಇತ್ತು. ಏಪ್ರಿಲ್ ಕೊನೆಗೆ ಮುಗಿಯಿತೆಂದು ಸ್ವತಃ ಲೇಖಕರೇ ಹೇಳಿದರು. ಜುಲೈ 12ಕ್ಕೆ ಪುಸ್ತಕ ಅಂಗಡಿಯಲ್ಲಿತ್ತು. ಅಂದರೆ ಹಸ್ತಪ್ರತಿ ಮುಗಿದ ಮೇಲೆ ಹನ್ನೊಂದು ವಾರ. ಸಾವಿರ ಪುಟದ ಪುಸ್ತಕಕ್ಕೆ ಇದು ಉಸಿರು ಬಿಡದ ಓಟ. ಸಂಪಾದನೆ, ಕಾಪಿ ಎಡಿಟಿಂಗ್, ಪುಟ ಜೋಡಣೆ, ಕರಡು ತಿದ್ದುವುದು, ಅಚ್ಚು, ಬೈಂಡಿಂಗ್, ಸಾಗಣೆ ಎಲ್ಲವೂ ಅದರೊಳಗೇ ಆಗಬೇಕು. ಮೊದಲ ಅಧ್ಯಾಯಗಳು ಬಹಳ ಹಿಂದೆಯೇ ಸಂಪಾದಕರ ಕೈಯಲ್ಲಿದ್ದುದರಿಂದ ಅದು ಸಾಧ್ಯವಾಯಿತು.

ಇನ್ನೊಂದು ಅಳತೆಗೋಲು: 2016ರ ಏಪ್ರಿಲ್‌ನಲ್ಲಿ ಈ ಕತೆಯನ್ನೇ ಆಧರಿಸಿದ ಎಚ್‌ಬಿಒ ಟಿವಿ ಧಾರಾವಾಹಿ ‘ಗೇಮ್ ಆಫ್ ಥ್ರೋನ್ಸ್’ನ ಆರನೇ ಸೀಸನ್ ಶುರುವಾಗುವ ಮೊದಲೇ, ಮಾರ್ಚ್‌ನಲ್ಲಿ, ಪುಸ್ತಕ ತರಲು ಪ್ರಕಾಶಕರು 2015ರ ಅಕ್ಟೋಬರ್ ಕೊನೆಯ ಗಡುವು ಕೊಟ್ಟಿದ್ದರು. ತಪ್ಪಿತು. ವರ್ಷದ ಕೊನೆಗೆ ಮುಂದೂಡಿದರು. ಅದೂ ತಪ್ಪಿತೆಂದು ಮಾರ್ಟಿನ್ 2016ರ ಜನವರಿ 2ರಂದು ಬರೆದರು. ಹಾಗಾಗಿ ಎಷ್ಟೇ ಅವಸರ ಮಾಡಿದರೂ ನಿಜವಾದ ತಾರೀಕು ಗೊತ್ತಾದ ಮೇಲೆ ನಿಮಗೆ ಎರಡು ಮೂರು ತಿಂಗಳಾದರೂ ಸಿಗುತ್ತದೆ. ದುಡ್ಡು ಆಗ ಕಟ್ಟಿ.

ಪ್ರಶ್ನೆ: ಮುಕ್ಕಾಲು ಭಾಗ ಮುಗಿದಿದೆ ಎಂದು 2022ರಲ್ಲೇ ಹೇಳಿದ್ದರು. ಉಳಿದ ಕಾಲು ಭಾಗಕ್ಕೆ ಇಷ್ಟು ವರ್ಷ ಬೇಕೇ? ಸೋಮಾರಿತನ ಅಲ್ಲದೆ ಇನ್ನೇನು? (ಓದುಗರು, ಧಾರವಾಡ)

ಉತ್ತರ: 2022ರಲ್ಲಿ 1,100ರಿಂದ 1,200 ಪುಟ ಎಂದರು. 2023ರ ಕೊನೆಯಲ್ಲೂ ಸುಮಾರು 1,100 ಎಂದರು. ಬರೆಯದೆ ಕೂತಿದ್ದರೆ ಮಾತ್ರ ಲೆಕ್ಕ ಹೀಗೆ ನಿಲ್ಲುತ್ತದೆ ಎಂದುಕೊಳ್ಳುವುದು ಸುಲಭ. ಬರೆದದ್ದನ್ನು ಹರಿದರೂ ಹೀಗೇ ನಿಲ್ಲುತ್ತದೆ. (ಇವು ಹಸ್ತಪ್ರತಿಯ ಪುಟಗಳು. ‘ಡಾನ್ಸ್’ ಹಸ್ತಪ್ರತಿ 1,500 ಪುಟ ದಾಟಿತ್ತು, ಅಚ್ಚಿನಲ್ಲಿ ಸಾವಿರ ಚಿಲ್ಲರೆಗೆ ಇಳಿಯಿತು. ‘ವಿಂಡ್ಸ್’ ಅದಕ್ಕಿಂತ ದೊಡ್ಡದಾಗುತ್ತದೆ ಎಂದಿದ್ದಾರೆ.)

ಐದನೇ ಪುಸ್ತಕದಲ್ಲಿ ಸಿಕ್ಕಿಕೊಂಡ ಗಂಟನ್ನು ನೋಡಿದರೆ ಈಗಿನದು ಅರ್ಥವಾಗುತ್ತದೆ. ಮೀರೀನ್ ಎಂಬ ನಗರದಲ್ಲಿ ಡೆನೇರಿಸ್ ರಾಣಿ. ಅವಳನ್ನು ಹುಡುಕಿಕೊಂಡು ಬೇರೆ ಬೇರೆ ದಿಕ್ಕಿನಿಂದ ಹಲವರು ಹೊರಟಿದ್ದಾರೆ. ಯಾರು ಯಾವ ದಿನ ತಲುಪಬೇಕು? ಡಾರ್ನ್‌ನ ರಾಜಕುಮಾರ ಕ್ವೆಂಟಿನ್ ಅವಳನ್ನು ಮದುವೆಯಾಗಲೆಂದೇ ಬರುವವನು. ಅವನು ಮದುವೆಗೆ ಬಹಳ ಮೊದಲೇ ತಲುಪುವ ಹಾಗೆ ಒಮ್ಮೆ, ಮದುವೆಯ ಹಿಂದಿನ ದಿನ ತಲುಪುವ ಹಾಗೆ ಒಮ್ಮೆ, ಮದುವೆ ಮುಗಿದು ಎಷ್ಟೋ ದಿನವಾದ ಮೇಲೆ ತಲುಪುವ ಹಾಗೆ ಇನ್ನೊಮ್ಮೆ, ಮೂರು ಥರ ಬರೆದರು. ಮೊದಲೇ ಬಂದರೆ ರಾಣಿಗೆ ಆಯ್ಕೆ ಇರುತ್ತದೆ, ಕತೆಯೇ ಬೇರೆ ದಾರಿ ಹಿಡಿಯುತ್ತದೆ. ತೀರಾ ತಡವಾಗಿ ಬಂದರೆ ಅವನು ಬಂದು ಪ್ರಯೋಜನವೇ ಇಲ್ಲ. ಒಂದನ್ನು ಬದಲಿಸಿದರೆ ಅದೇ ವಾರ ಅದೇ ಊರಿನಲ್ಲಿರುವ ಉಳಿದವರ ಅಧ್ಯಾಯಗಳೂ ಸುಳ್ಳಾಗುತ್ತವೆ. ಅಲ್ಲಿ ನಡೆಯುವುದನ್ನು ಕಣ್ಣಾರೆ ನೋಡಿ ಹೇಳಲು ಒಬ್ಬ ಬೇಕು ಎನಿಸಿ, ಮುದಿ ಯೋಧ ಬ್ಯಾರಿಸ್ಟನ್‌ಗೆ ಹೊಸದಾಗಿ ಅಧ್ಯಾಯಗಳನ್ನು ಕೊಟ್ಟ ಮೇಲೆ ಗಂಟು ಬಿಚ್ಚಿತು.

ಇದಕ್ಕೆ ಬೀಜ ಬಿದ್ದದ್ದು ಇನ್ನೂ ಹಿಂದೆ. 2000ದಲ್ಲಿ ಮೂರನೇ ಪುಸ್ತಕ ಬಂದ ಮೇಲೆ ಕತೆಯಲ್ಲಿ ಐದು ವರ್ಷ ಹಾರಿಸಿ, ಮಕ್ಕಳ ಪಾತ್ರಗಳನ್ನು ದೊಡ್ಡವರನ್ನಾಗಿ ಮಾಡುವ ಯೋಜನೆ ಇತ್ತು. ಕೆಲವು ಪಾತ್ರಗಳಿಗೆ ಅದು ಒಗ್ಗಿತು, ಕೆಲವಕ್ಕೆ ಒಗ್ಗಲಿಲ್ಲ. ಹಾರುವುದನ್ನೇ ಕೈಬಿಟ್ಟರು. ಪುಸ್ತಕ ಉಬ್ಬಿತು. ಪಾತ್ರಗಳಿರುವ ಜಾಗ ನೋಡಿ ಎರಡಾಗಿ ಸೀಳಿ ಒಂದು ಭಾಗವನ್ನು 2005ರಲ್ಲಿ ‘ಎ ಫೀಸ್ಟ್ ಫಾರ್ ಕ್ರೋಸ್’ ಎಂದು ಕೊಟ್ಟರು. ಇನ್ನೊಂದು ಭಾಗ ಮುಂದಿನ ವರ್ಷವೇ ಬರಲೆಂಬ ಆಸೆಯನ್ನು ಅದರ ಕೊನೆಯ ಪುಟದಲ್ಲೇ ಬರೆದರು. ಆರು ವರ್ಷ ಹಿಡಿಯಿತು. ಸೋಮಾರಿತನ ಎಂಬ ಬೈಗುಳ ನಮಗೆ ಒಪ್ಪಿಗೆಯಿಲ್ಲ. ಆದರೆ ಅವರ ಆಸೆಯ ಮಾತನ್ನು ತಾರೀಕೆಂದು ಓದಿಕೊಂಡವರ ಸಿಟ್ಟು ಮಾತ್ರ ನ್ಯಾಯವಾದದ್ದೇ.

ಪ್ರಶ್ನೆ: ನಮ್ಮ ವಾರಪತ್ರಿಕೆಗಳಲ್ಲಿ ಕಾದಂಬರಿಗಳು ಧಾರಾವಾಹಿಯಾಗಿ ಬರುತ್ತಿದ್ದವು. ಇವರೂ ಮುಗಿದಷ್ಟನ್ನು ಕಂತಿನಲ್ಲಿ ಕೊಟ್ಟರೇನು ಗಂಟು ಹೋಗುತ್ತದೆ? (ಓದುಗರು, ಮೈಸೂರು)

ಉತ್ತರ: ‘ಸುಧಾ’, ‘ತರಂಗ’ಗಳಲ್ಲಿ ಧಾರಾವಾಹಿ ಬರೆದವರು ಹೋದ ವಾರ ಅಚ್ಚಾದದ್ದಕ್ಕೆ ಬದ್ಧರಾಗಿಯೇ ಮುಂದಿನ ಕಂತು ಬರೆಯಬೇಕಿತ್ತು. ಆ ಶಿಸ್ತಿನಿಂದ ಕತೆ ನಿಲ್ಲದೆ ಓಡುತ್ತದೆ. ಹಿಂದಿನದನ್ನು ತಿದ್ದುವ ದಾರಿ ಮುಚ್ಚುತ್ತದೆ. ಕ್ವೆಂಟಿನ್ ಬಂದ ದಿನವನ್ನು ಮೂರು ಸಲ ಬದಲಿಸುವವರಿಗೆ ಅದು ಆಗದ ಕೆಲಸ. ಹಾಗೆಂದು ಒಂದು ಸಾಲೂ ಹೊರಗೆ ಬಿಟ್ಟಿಲ್ಲ ಎಂದಲ್ಲ. ಥಿಯಾನ್, ಮರ್ಸಿ, ಅಲೇನ್, ಅರಿಯಾನ್ ಮುಂತಾದ ಪಾತ್ರಗಳ ಹೆಸರಿನ ಮಾದರಿ ಅಧ್ಯಾಯಗಳು ಹೊರಬಂದಿವೆ. ಅವರ ಜಾಲತಾಣದಲ್ಲಿ ಕೊನೆಯದಾಗಿ ಹಾಕಿದ್ದು ಅರಿಯಾನ್ ಅಧ್ಯಾಯ, 2016ರ ಮೇ ತಿಂಗಳಲ್ಲಿ. ಓದಬಹುದು. ಅಚ್ಚಿನ ಪುಸ್ತಕದಲ್ಲಿ ಅವು ಹಾಗೇ ಇರುತ್ತವೆಂದು ಮಾತ್ರ ಲೆಕ್ಕ ಹಾಕಬೇಡಿ.

ಪ್ರಶ್ನೆ: ನಾನು ಕೊಂಡ ‘ಡಾನ್ಸ್’ ಪುಸ್ತಕ ಅರ್ಧಕ್ಕೇ ನಿಂತಿದೆ. ಪುಟ ಬಿಟ್ಟುಹೋಗಿದೆಯೇ? (ಓದುಗರು, ಹಾಸನ)

ಉತ್ತರ: ಇಲ್ಲ. ನಿಮ್ಮಲ್ಲಿರುವುದು ಮೊದಲ ಭಾಗ, ರಕ್ಷಾಪುಟದಲ್ಲಿ ‘ಡ್ರೀಮ್ಸ್ ಅಂಡ್ ಡಸ್ಟ್’ ಎಂದಿರುತ್ತದೆ. ಎರಡನೆಯದು ‘ಆಫ್ಟರ್ ದ ಫೀಸ್ಟ್’. ಇಲ್ಲಿ ಮಾರಾಟವಾಗುವುದು ಬ್ರಿಟನ್ ಆವೃತ್ತಿ. ಅದರ ಪೇಪರ್‌ಬ್ಯಾಕ್‌ನಲ್ಲಿ ಮೂರನೇ ಮತ್ತು ಐದನೇ ಪುಸ್ತಕಗಳನ್ನು ತಲಾ ಎರಡು ಸಂಪುಟ ಮಾಡಿದ್ದಾರೆ. ಅಂಟಿನ ಬೈಂಡಿಂಗ್ ಸಾವಿರ ಪುಟ ತಡೆಯಬೇಕಾದರೆ ಕಷ್ಟ, ಬೆನ್ನು ಸೀಳುತ್ತದೆ. ಆರನೆಯದಕ್ಕೂ ಅದೇ ಗತಿಯಾದರೆ ಆಶ್ಚರ್ಯವಿಲ್ಲ. ಒಂದೇ ಸಂಪುಟ ಬೇಕೆನ್ನುವವರು ರಟ್ಟಿನ ಬೈಂಡಿನ ಪ್ರತಿಯನ್ನೇ ಕೇಳಿ ತೆಗೆದುಕೊಳ್ಳಿ.

ಪ್ರಶ್ನೆ: ಬಸ್ಸಿನಲ್ಲಿ ದಿನಕ್ಕೆ ಎರಡು ಗಂಟೆ ಕಳೆಯುವ ನನಗೆ ಆಡಿಯೋಬುಕ್ಕೇ ಪುಸ್ತಕ. ಅಚ್ಚಿನ ಜತೆಗೇ ಬರುತ್ತದೆಯೇ, ತಡವಾಗುತ್ತದೆಯೇ? (ಓದುಗರು, ಬೆಂಗಳೂರು)

ಉತ್ತರ: ಈಗಿನ ರೂಢಿ ಒಂದೇ ದಿನ ತರುವುದು. ‘ವೀಲ್ ಆಫ್ ಟೈಮ್’ ಎಂಬ ಇನ್ನೊಂದು ಫ್ಯಾಂಟಸಿ ಸರಣಿಯ ಕೊನೆಯ ಪುಸ್ತಕದಲ್ಲಂತೂ ತಮಾಷೆಯಾಯಿತು. 2013ರ ಜನವರಿ 8ರಂದು ಅಚ್ಚೂ ಆಡಿಯೋವೂ ಒಟ್ಟಿಗೆ ಬಂದವು, ಇ-ಬುಕ್ ಮಾತ್ರ ಏಪ್ರಿಲ್‌ವರೆಗೆ ಕಾಯಿಸಿತು.

ಆದರೂ ಆಡಿಯೋದ ಕೆಲಸ ಎಷ್ಟೆಂದು ಲೆಕ್ಕ ಹಾಕಿ ನೋಡಿ. ‘ಡಾನ್ಸ್’ ಸುಮಾರು 4.2 ಲಕ್ಷ ಪದ, ಆಡಿಯೋ ಹತ್ತಿರ ಹತ್ತಿರ 49 ಗಂಟೆ. ಗಂಟೆಗೆ 8,600 ಪದ ಬಿತ್ತು. ‘ವಿಂಡ್ಸ್’ ಅದಕ್ಕಿಂತ ದೊಡ್ಡದಾದರೆ ಐವತ್ತು ಗಂಟೆ ದಾಟುತ್ತದೆ. ಪಳಗಿದ ವಾಚಕರಿಗೂ ಸಿದ್ಧವಾದ ಒಂದು ಗಂಟೆಗೆ ಸ್ಟುಡಿಯೋದಲ್ಲಿ ಎರಡು ಗಂಟೆ ಬೇಕು. ಅಲ್ಲಿಗೆ ನೂರು ಗಂಟೆ. ದಿನಕ್ಕೆ ನಾಲ್ಕೈದು ಗಂಟೆ ಓದಿದ ಮೇಲೆ ಗಂಟಲು ಸೋಲುತ್ತದೆ, ದನಿ ದಪ್ಪವಾಗುತ್ತದೆ. ಹಾಗಾಗಿ ಓದುವುದಕ್ಕೇ ಇಪ್ಪತ್ತರಿಂದ ಇಪ್ಪತ್ತೈದು ದಿನ, ಭಾನುವಾರ ಬಿಟ್ಟು ಸುಮಾರು ಮೂರೂವರೆಯಿಂದ ನಾಲ್ಕು ವಾರ.

ಓದುವ ಮೊದಲು ಹೆಸರುಗಳ ಉಚ್ಚಾರದ ಪಟ್ಟಿ ಬೇಕು. ಫ್ಯಾಂಟಸಿಯಲ್ಲಿ ಊರು, ಕುದುರೆ, ಕತ್ತಿ, ದೇವರು ಎಲ್ಲಕ್ಕೂ ಲೇಖಕರೇ ಹುಟ್ಟಿಸಿದ ಹೆಸರು, ನಿಘಂಟು ತೆಗೆದರೆ ಸಿಗುವುದಿಲ್ಲ. ಪಟ್ಟಿ ಅರ್ಧಂಬರ್ಧ ಇದ್ದರೆ ಹತ್ತನೇ ಗಂಟೆಯಲ್ಲಿ ಒಂದು ಥರ, ನಲವತ್ತನೇ ಗಂಟೆಯಲ್ಲಿ ಇನ್ನೊಂದು ಥರ ಕೇಳಿಸುತ್ತದೆ. ಓದುವಾಗ ನಾಲಿಗೆ ತಡವರಿಸಿದರೆ ರೆಕಾರ್ಡಿಂಗನ್ನು ಎರಡು ಮೂರು ಸೆಕೆಂಡ್ ಹಿಂದಕ್ಕೆ ತೆಗೆದುಕೊಂಡು ಹೋಗಿ, ಕಿವಿಯಲ್ಲಿ ತಮ್ಮದೇ ಹಳೆಯ ದನಿ ಕೇಳುತ್ತಾ ಅದೇ ಉಸಿರಿಗೆ ಸೇರಿಕೊಂಡು ಮುಂದುವರಿಯುತ್ತಾರೆ. ಆಮೇಲೆ ಎಡಿಟಿಂಗ್. ಅದಾದ ಮೇಲೆ ಒಬ್ಬರು ಹಸ್ತಪ್ರತಿಯ ಮೇಲೆ ಬೆರಳಿಟ್ಟುಕೊಂಡು ಅಷ್ಟೂ ಗಂಟೆ ಕೇಳಿ, ಬಿಟ್ಟ ಪದ, ಹೆಚ್ಚಾದ ಪದ, ಬಾಯಿಯ ಚಪ್ಪರಿಕೆ, ಹೊಟ್ಟೆಯ ಗುರುಗುರು ಎಲ್ಲವನ್ನೂ ಗುರುತು ಹಾಕುತ್ತಾರೆ. ಆ ಸಾಲುಗಳನ್ನು ವಾಚಕರು ಮತ್ತೆ ಓದುತ್ತಾರೆ. ಕೆಡುವುದು ಹೆಚ್ಚಾಗಿ ಇಲ್ಲೇ. ಮೊದಲ ಸಲ ಸಂಜೆ ಓದಿದ್ದು, ತಿದ್ದುಪಡಿ ಬೆಳಗ್ಗೆ ಓದಿದ್ದು, ಮೈಕಿಗೂ ಬಾಯಿಗೂ ನಡುವಿನ ಅಂತರ ನಾಲ್ಕು ಬೆರಳು ಹೆಚ್ಚುಕಮ್ಮಿ ಆದದ್ದು, ಇವೆಲ್ಲ ಕಿವಿಗೆ ತೇಪೆಯ ಹಾಗೆ ಹೊಡೆಯುತ್ತವೆ. ಹೆಡ್‌ಫೋನಿನಲ್ಲಿ ಒಂದೇ ಒಂದು ವಾಕ್ಯ ಬೇರೆ ಕೋಣೆಯಿಂದ ಬಂದಂತೆ ಕೇಳಿಸಿದರೆ ಕಾರಣ ಇದು.

ಕೊನೆಗೆ ಸದ್ದಿನ ಮಟ್ಟ ಹೊಂದಿಸುವುದು. ಆಡಿಯೋಬುಕ್ ಮಾರುವ ಆಡಿಬಲ್‌ಗೆ ತಾವೇ ಪುಸ್ತಕ ತಯಾರಿಸಿ ಕೊಡುವವರಿಗೆ ಇರುವ ಎಸಿಎಕ್ಸ್ ನಿಯಮದ ಪ್ರಕಾರ ಸರಾಸರಿ ಮಟ್ಟ ಮೈನಸ್ 23ರಿಂದ ಮೈನಸ್ 18 ಡೆಸಿಬೆಲ್ ಒಳಗೆ, ಗರಿಷ್ಠ ಮೈನಸ್ 3 ಮೀರದಂತೆ, ಖಾಲಿ ಕೋಣೆಯ ಸದ್ದು ಮೈನಸ್ 60ಕ್ಕಿಂತ ಕೆಳಗೆ ಇರಬೇಕು. ಒಂದು ಫೈಲು 120 ನಿಮಿಷ ದಾಟಬಾರದು.

ಇಷ್ಟರಲ್ಲಿ ಲೇಖಕರು ಕರಡಿನಲ್ಲಿ ಒಂದು ಪ್ಯಾರಾ ಬದಲಿಸಿದರೆ ಆ ಜಾಗವನ್ನು ಮತ್ತೆ ಓದಿಸಬೇಕು. ಅದಕ್ಕೇ ಕಾಪಿ ಎಡಿಟಿಂಗ್ ಆಗುವವರೆಗೆ ಸ್ಟುಡಿಯೋ ಬಾಗಿಲು ತೆರೆಯುವುದಿಲ್ಲ. ಆಡಿಯೋ ತಡವಾದರೆ ಅದು ಹಸ್ತಪ್ರತಿಯ ತಡವೇ ಹೊರತು ಸ್ಟುಡಿಯೋದ್ದಲ್ಲ.

ಪ್ರಶ್ನೆ: ಈ ಸರಣಿಯ ಆಡಿಯೋಬುಕ್‌ಗಳನ್ನು ಓದಿದ ರಾಯ್ ಡಾಟ್ರಿಸ್ ಇಲ್ಲದ ಮೇಲೆ ಯಾರು ಓದುತ್ತಾರೆ? (ಓದುಗರು, ಪುತ್ತೂರು)

ಉತ್ತರ: ಡಾಟ್ರಿಸ್ 2017ರ ಅಕ್ಟೋಬರ್ 16ರಂದು, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಪ್ರಕಾಶಕರು ಇದನ್ನು ಬರೆಯುವ ಹೊತ್ತಿಗೆ ಯಾರನ್ನೂ ಹೆಸರಿಸಿಲ್ಲ. ಕಣ್ಣೆದುರು ಇರುವ ಇಬ್ಬರೆಂದರೆ, ಮಾರ್ಟಿನ್ ಅವರದೇ ಡಂಕ್ ಮತ್ತು ಎಗ್ ಕತೆಗಳನ್ನು ಓದಿದ ಹ್ಯಾರಿ ಲಾಯ್ಡ್ (ಟಿವಿಯಲ್ಲಿ ಡೆನೇರಿಸ್ ಅಣ್ಣ ವಿಸೆರಿಸ್ ಆಗಿದ್ದವರು) ಮತ್ತು 2018ರ ‘ಫೈರ್ ಅಂಡ್ ಬ್ಲಡ್’ ಓದಿದ ಸೈಮನ್ ವ್ಯಾನ್ಸ್. ‘ಫೈರ್ ಅಂಡ್ ಬ್ಲಡ್’ ಇತಿಹಾಸಕಾರನೊಬ್ಬ ಬರೆದ ವರದಿಯ ಥರದ್ದು, ಅಲ್ಲಿ ಒಂದು ದನಿ ಸಾಕು. ‘ವಿಂಡ್ಸ್’ಗೆ ನೂರಾರು ದನಿ ಬೇಕು. ಸರಣಿಯ ಮೊದಲ ಪುಸ್ತಕ ‘ಎ ಗೇಮ್ ಆಫ್ ಥ್ರೋನ್ಸ್’ಗೆ 224 ಪಾತ್ರಗಳ ದನಿ ಕೊಟ್ಟದ್ದಕ್ಕೆ ಡಾಟ್ರಿಸ್ ಹೆಸರು ಗಿನ್ನೆಸ್ ದಾಖಲೆಯಲ್ಲಿದೆ.

ಹೊಗಳಿಕೆಯ ಜತೆ ದೂರೂ ಇದೆ. ಮೊದಲ ಮೂರು ಪುಸ್ತಕಕ್ಕೂ ‘ಡಾನ್ಸ್’ಗೂ ನಡುವೆ ವರ್ಷಗಳು ಉರುಳಿ, ಹರೆಯದ ಡೆನೇರಿಸ್ ದನಿ ಮುದುಕಿಯ ದನಿಯಾಯಿತು, ಕೆಲವು ಹೆಸರುಗಳ ಉಚ್ಚಾರವೂ ಬದಲಾಯಿತು. ‘ಡಾನ್ಸ್’ ಬಂದಾಗ ಡಾಟ್ರಿಸ್ ಅವರಿಗೆ 88 ವರ್ಷ. ಇಂಥ ದೀರ್ಘ ಸರಣಿಗಳಲ್ಲಿ ಪ್ರತಿ ಪಾತ್ರದ ಅರ್ಧ ನಿಮಿಷದ ತುಣುಕನ್ನು ಕತ್ತರಿಸಿ ಹೆಸರು ಹಾಕಿ ಇಟ್ಟುಕೊಳ್ಳುವುದು ವಾಚಕರ ರೂಢಿ. ಪಾತ್ರ ಮತ್ತೆ ಬಂದಾಗ ಮೊದಲು ಅದನ್ನು ಕೇಳಿ ಆಮೇಲೆ ಬಾಯಿ ತೆರೆಯುತ್ತಾರೆ. ಹೊಸಬರು ಡಾಟ್ರಿಸ್ ಅವರನ್ನು ಅನುಕರಿಸದಿದ್ದರೇ ಒಳ್ಳೆಯದು ಎನ್ನುವುದು ನಮ್ಮ ಅಭಿಪ್ರಾಯ. ವಾಚಕರು ಬದಲಾಗುವುದು ಈ ಸರಣಿಗೆ ಹೊಸದೂ ಅಲ್ಲ. ‘ಫೀಸ್ಟ್’ ಮೊದಲು ಬಂದದ್ದು ಜಾನ್ ಲೀ ದನಿಯಲ್ಲಿ, ಡಾಟ್ರಿಸ್ ಅದನ್ನು ಓದಿದ್ದು ಆಮೇಲೆ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿ, ತಂಗಿ ಶಿವಮೊಗ್ಗದಲ್ಲಿ. ಪ್ಯಾಟ್ರಿಕ್ ರಾತ್‌ಫಸ್ ಅವರ ‘ದ ನೇಮ್ ಆಫ್ ದ ವಿಂಡ್’ ಇಬ್ಬರೂ ಕೇಳಿದೆವು, ದನಿಯೇ ಬೇರೆ ಬೇರೆ! (ಓದುಗರು, ನ್ಯೂಜೆರ್ಸಿ)

ಉತ್ತರ: ನೀವು ಕೇಳಿದ್ದು ನಿಕ್ ಪೊಡೇಲ್ ಇರಬೇಕು, ತಂಗಿಯವರು ಕೇಳಿದ್ದು ರೂಪರ್ಟ್ ಡೀಗಸ್. ಅಮೆರಿಕದ ಮತ್ತು ಬ್ರಿಟನ್ನಿನ ಹಕ್ಕುಗಳು ಬೇರೆ ಪ್ರಕಾಶಕರ ಕೈಯಲ್ಲಿದ್ದರೆ ಇಬ್ಬರೂ ಪ್ರತ್ಯೇಕವಾಗಿ ಓದಿಸುತ್ತಾರೆ. ಭಾರತ ಸಾಮಾನ್ಯವಾಗಿ ಬ್ರಿಟನ್ ಪಾಲಿಗೆ ಬರುತ್ತದೆ. ಕೊಳ್ಳುವ ಮೊದಲು ಮಾದರಿ ತುಣುಕು ಕೇಳಿ, ವಾಚಕರ ಹೆಸರು ನೋಡಿ. ಆ ಸರಣಿಯ ಎರಡನೇ ಪುಸ್ತಕ ಬಂದದ್ದೂ 2011ರಲ್ಲೇ. ಮೂರನೆಯದಕ್ಕೂ ಜನ ಕಾಯುತ್ತಲೇ ಇದ್ದಾರೆ.

ಪ್ರಶ್ನೆ: ಆರನೆಯದು ಬರುವ ಮೊದಲು ಐದನ್ನೂ ಮತ್ತೆ ಕೇಳಬೇಕೆಂದಿದ್ದೇನೆ. ಎಷ್ಟು ಹೊತ್ತು ಬೇಕು? ಯಾವ ಕ್ರಮದಲ್ಲಿ? (ಓದುಗರು, ಮಂಗಳೂರು)

ಉತ್ತರ: ಐದೂ ಸೇರಿ ಸುಮಾರು 200 ಗಂಟೆ. ಡಾಟ್ರಿಸ್ ಓದು ನಿಧಾನ, 1.25 ವೇಗದಲ್ಲಿಟ್ಟರೂ ಮಾತು ಸ್ಪಷ್ಟ. ಆಗ 160 ಗಂಟೆ. ದಿನಕ್ಕೆ ಒಂದೂವರೆ ಗಂಟೆ ಕೇಳಿದರೆ ಮೂರೂವರೆ ತಿಂಗಳು. ಹೋದ ಸಲ ತಾರೀಕು ಪ್ರಕಟವಾದ ದಿನದಿಂದ ಪುಸ್ತಕ ಬರುವವರೆಗೆ ನಾಲ್ಕು ತಿಂಗಳಿತ್ತಲ್ಲ, ಪ್ರಕಟಣೆಯ ದಿನವೇ ಶುರು ಮಾಡಿದರೂ ಮುಗಿಯುತ್ತದೆ. ಈಗಲೇ ಶುರು ಮಾಡಿದರೆ ಪುಸ್ತಕ ಬರುವಷ್ಟರಲ್ಲಿ ಮತ್ತೆ ಮರೆತಿರುತ್ತೀರಿ.

64 ಕೆಬಿಪಿಎಸ್ ಗುಣಮಟ್ಟದಲ್ಲಿ ಒಂದು ಗಂಟೆಗೆ 29 ಎಂಬಿ ಹಿಡಿಯುತ್ತದೆ. ‘ಡಾನ್ಸ್’ ಒಂದಕ್ಕೇ 1.4 ಜಿಬಿ. ಮನೆಯ ವೈಫೈನಲ್ಲಿ ಇಳಿಸಿಕೊಳ್ಳಿ. ಘಾಟಿಯ ದಾರಿಯಲ್ಲಿ ಸಿಗ್ನಲ್ ಹೋಗಿ ಮಾತು ನಡುವೆ ನಿಂತರೆ ಸೇತುವೆ ಮೇಲೆ ಯಾರು ಬಿದ್ದರೆಂದೇ ಗೊತ್ತಾಗುವುದಿಲ್ಲ.

ಕ್ರಮದ ವಿಷಯಕ್ಕೆ ಬಂದರೆ, ನಾಲ್ಕು ಮತ್ತು ಐದನೇ ಪುಸ್ತಕಗಳ ಹೆಚ್ಚಿನ ಘಟನೆಗಳು ಒಂದೇ ಕಾಲದಲ್ಲಿ ನಡೆಯುವುದರಿಂದ ಅಧ್ಯಾಯಗಳನ್ನು ಹೆಣೆದು ಓದುವ ಪಟ್ಟಿಗಳನ್ನು ಅಭಿಮಾನಿಗಳು ಮಾಡಿದ್ದಾರೆ. ‘ಫೀಸ್ಟ್’ನಲ್ಲಿ 46, ‘ಡಾನ್ಸ್’ನಲ್ಲಿ 73, ಒಟ್ಟು 119 ಅಧ್ಯಾಯ. ಅಚ್ಚಿನಲ್ಲಿ ಎರಡು ಬುಕ್‌ಮಾರ್ಕ್ ಇಟ್ಟುಕೊಂಡರೆ ಇದು ಮಜಾ. ಆಡಿಯೋದಲ್ಲಿ ಬೇಡ. ಆರಂಭದ ಘೋಷಣೆ, ಪೀಠಿಕೆಯ ಅಧ್ಯಾಯ ಸೇರಿ ಆ್ಯಪ್‌ನ ಸಂಖ್ಯೆಗೂ ಪುಸ್ತಕದ ಸಂಖ್ಯೆಗೂ ತಾಳೆಯಾಗುವುದಿಲ್ಲ, ಬಸ್ಸಿನಲ್ಲಿ ನಿಂತು ಹುಡುಕುವುದು ಯಾರಿಗೆ ಬೇಕು. ಪ್ರಕಟವಾದ ಕ್ರಮದಲ್ಲೇ ಕೇಳಿ. ಜಾನ್ ಸ್ನೋ ತನ್ನ ಗೆಳೆಯ ಸ್ಯಾಮ್‌ನನ್ನು ದೂರದ ಊರಿಗೆ ಕಳಿಸುವ ಮಾತುಕತೆ ಎರಡರಲ್ಲೂ ಇದೆ. ‘ಫೀಸ್ಟ್’ನಲ್ಲಿ ಸ್ಯಾಮ್ ಕಿವಿಯಿಂದ, ‘ಡಾನ್ಸ್’ನಲ್ಲಿ ಜಾನ್ ಕಿವಿಯಿಂದ. ಮೊದಲ ಸಲ ಕಲ್ಲೆದೆಯವನಾಗಿ ಕಂಡ ಜಾನ್ ಎರಡನೇ ಸಲ ಹೇಗೆ ಕೇಳಿಸುತ್ತಾನೆಂದು ಗಮನಿಸಿ. ಹೆಣೆದು ಕೇಳಿದರೆ ಆ ಅಂತರ ಉಳಿಯುವುದಿಲ್ಲ.

ಪ್ರಶ್ನೆ: ಯೂಟ್ಯೂಬಿನಲ್ಲಿ ‘ವಿಂಡ್ಸ್’ ಪೂರ್ತಿ ಆಡಿಯೋ ಸಿಕ್ಕಿದೆ, ಕೇಳಲೇ? (ಓದುಗರು, ಬೆಳಗಾವಿ)

ಉತ್ತರ: ನಕಲಿ. ಅಭಿಮಾನಿಗಳ ಕಲ್ಪನೆಯೋ, ಎಐಯಿಂದ ಬರೆಸಿ ಎಐಯಿಂದಲೇ ಓದಿಸಿದ್ದೋ ಆಗಿರುತ್ತದೆ. ಅಸಲಿ ಆಡಿಯೋಬುಕ್ ಆರಂಭದಲ್ಲೇ ಪುಸ್ತಕ, ಲೇಖಕ, ವಾಚಕರ ಹೆಸರು ಹೇಳುತ್ತದೆ. ಬರವಣಿಗೆಯನ್ನು ಎಐ ತರಬೇತಿಗೆ ಬಳಸಿದ್ದಾರೆಂದು ಅಮೆರಿಕದ ಲೇಖಕರ ಸಂಘ ಆಥರ್ಸ್ ಗಿಲ್ಡ್ 2023ರ ಸೆಪ್ಟೆಂಬರ್‌ನಲ್ಲಿ ಓಪನ್‌ಎಐ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಮಾರ್ಟಿನ್ ಕೂಡ ಒಬ್ಬ ಫಿರ್ಯಾದಿ.

ಪ್ರಶ್ನೆ: ಕೇಳಬಾರದು, ಆದರೂ ಕೇಳುತ್ತೇನೆ. ಲೇಖಕರು ಮುಗಿಸದೆ ಹೋದರೆ? (ಓದುಗರು, ತುಮಕೂರು)

ಉತ್ತರ: ‘ವೀಲ್ ಆಫ್ ಟೈಮ್’ ಬರೆದ ರಾಬರ್ಟ್ ಜೋರ್ಡನ್ 2007ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಾಗ ಕೊನೆಯ ಪುಸ್ತಕ ಬಾಕಿ ಇತ್ತು. ಅವರ ಟಿಪ್ಪಣಿ, ಬರೆದಿಟ್ಟ ದೃಶ್ಯಗಳನ್ನು ಇಟ್ಟುಕೊಂಡು ಮುಗಿಸಲೆಂದು ಪತ್ನಿ ಹ್ಯಾರಿಯಟ್ ಮೆಕ್‌ಡೂಗಲ್ ಅವರು ಲೇಖಕ ಬ್ರಾಂಡನ್ ಸ್ಯಾಂಡರ್‌ಸನ್ ಅವರನ್ನು ಆರಿಸಿದರು. ಒಂದು ಪುಸ್ತಕ ಮೂರಾಗಿ 2009, 2010, 2013ರಲ್ಲಿ ಬಂತು. ಹ್ಯಾರಿಯಟ್ ಆ ಸರಣಿಯ ಸಂಪಾದಕಿಯೂ ಆಗಿದ್ದರು, ಕತೆಯ ಒಳಹೊರಗು ಬಲ್ಲವರು. ಅಂಥ ಅನುಕೂಲ ಎಲ್ಲ ಸರಣಿಗೂ ಒದಗುವುದಿಲ್ಲ.

ಪ್ರಶ್ನೆ: ಇನ್ನೂ ಒಂದೂ ಓದಿಲ್ಲ. ಮುಗಿಯದ ಸರಣಿಗೆ ಕೈ ಹಾಕಲೇ? (ಓದುಗರು, ಕಲಬುರಗಿ)

ಉತ್ತರ: ‘ಎ ನೈಟ್ ಆಫ್ ದ ಸೆವೆನ್ ಕಿಂಗ್‌ಡಮ್ಸ್’ ಇಂದ ಶುರು ಮಾಡಿ. ಡಂಕ್ ಎಂಬ ಬಡ ಯೋಧ, ಎಗ್ ಎಂಬ ಹುಡುಗ, ಇಬ್ಬರ ಅಲೆದಾಟದ ಮೂರು ನೀಳ್ಗತೆಗಳು. ಮುಖ್ಯ ಕತೆಗೆ ಸುಮಾರು ತೊಂಬತ್ತು ವರ್ಷ ಹಿಂದಿನವು, ಒಂದೊಂದೂ ತನ್ನಷ್ಟಕ್ಕೆ ಮುಗಿಯುತ್ತದೆ. ಆಡಿಯೋ ಹತ್ತು ಗಂಟೆಯ ಆಸುಪಾಸು. ಅಚ್ಚಿನ ಪ್ರತಿಯಲ್ಲಿ ಗ್ಯಾರಿ ಜಿಯಾನಿ ಬರೆದ ಚಿತ್ರಗಳಿವೆ, ಆದ್ದರಿಂದ ಇದೊಂದನ್ನು ಕೇಳುವುದಕ್ಕಿಂತ ಕೊಂಡು ಓದುವುದೇ ಲಾಭ.